ದೊಡ್ಡ ಫಿಫ್ತ್ ವೀಲ್ ಟ್ರೇಲರಿಗೆ ಯಾವ ಹಿಚ್? ಮೊದಲು ಭಾರ, ಆಮೇಲೆ ಅಳತೆ, ಕೊನೆಗೆ ಹಿಚ್

ಪ್ರಶ್ನೆ: ನಾವು ಟೆಕ್ಸಾಸ್‌ನ ಡಲ್ಲಾಸ್ ಸಮೀಪ ವಾಸವಾಗಿದ್ದೇವೆ. ನಮ್ಮಲ್ಲಿ ಒಂದು ಟನ್ ದರ್ಜೆಯ ಡೀಸೆಲ್ ಪಿಕಪ್ ಇದೆ. ಹಿಂದೆ ಎರಡೇ ಚಕ್ರ, ಸಾಮಾನು ಹೇರುವ ಆರೂವರೆ ಅಡಿಯ ತೆರೆದ ಬೆಡ್, ಬೆಡ್ಡಿನಲ್ಲಿ ಹಿಚ್ (ಟ್ರೇಲರ್ ಸಿಕ್ಕಿಸುವ ಜೋಡಣೆ) ಕೂರಿಸಲೆಂದು ಕಾರ್ಖಾನೆಯಿಂದಲೇ ಬಂದ ನಾಲ್ಕು ಪಕ್ ಕುಳಿಗಳು, ನಡುವೆ ಗೂಸ್‌ನೆಕ್ ಬಗೆಯ ಟ್ರೇಲರ್ ಸಿಕ್ಕಿಸುವ ಚೆಂಡಿನ ಕುಳಿ. 38 ಅಡಿ ಉದ್ದದ, ಗರಿಷ್ಠ ತೂಕ 16,000 ಪೌಂಡ್ ಎಂದು ಬರೆದಿರುವ ಫಿಫ್ತ್ ವೀಲ್ ಟ್ರೇಲರ್, ಅಂದರೆ ಬೆಡ್ಡಿನೊಳಗಿನ ಹಿಚ್ಚಿಗೆ ಸಿಕ್ಕಿಸಿ ಎಳೆಯುವ ಗಾಲಿ ಮನೆ, ಕೊಳ್ಳಬೇಕೆಂದಿದ್ದೇವೆ. ಬೇಸಿಗೆಯಲ್ಲಿ ಶಿವಮೊಗ್ಗದಿಂದ ಬರುವ ಅಪ್ಪ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಯೆಲ್ಲೊಸ್ಟೋನ್‌ವರೆಗೆ ಹೋಗಿ ಬರುವ ಆಸೆ. ಒಬ್ಬ ಮಾರಾಟಗಾರರು ಹಿಂದಕ್ಕೆ ಜಾರುವ ಸ್ಲೈಡರ್ ಹಿಚ್ ಬೇಕೇ ಬೇಕು ಎನ್ನುತ್ತಾರೆ. ಇನ್ನೊಬ್ಬರು ಟ್ರೇಲರನ್ನು ಆ ಚೆಂಡಿಗೇ ಸಿಕ್ಕಿಸುವ ಗೂಸ್‌ನೆಕ್ ಅಡಾಪ್ಟರ್ ಹಾಕಿದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ ಎನ್ನುತ್ತಾರೆ. ಮೂರನೆಯವರು ಒಬ್ಬರೇ ಎತ್ತಬಹುದಾದ ಅಲ್ಯೂಮಿನಿಯಂ ಹಿಚ್ ತೋರಿಸಿದರು. ಪಿಕಪ್ಪಿನ ಬಾಗಿಲ ಕಂಬದ ಚೀಟಿಯಲ್ಲಿ 3,870 ಪೌಂಡ್ ಎಂದಿದೆ. ಹಿಚ್ ಕೂರುವ ನಡುಬಿಂದುವಿನಿಂದ ಕ್ಯಾಬಿನ ಹಿಂದಿನ ಗಾಜಿಗೆ 44 ಇಂಚು. ಯಾವುದನ್ನು ಆರಿಸಲಿ?

ಉತ್ತರ: ನೀವು ಚೀಟಿಯ ಸಂಖ್ಯೆಯನ್ನೂ ಕ್ಯಾಬಿನ ಅಂತರವನ್ನೂ ಬರೆದು ಕಳಿಸಿದ್ದೀರಿ. ಇಪ್ಪತ್ತು ವರ್ಷಗಳಿಂದ ಪಿಕಪ್ಪುಗಳಿಗೆ ಹಿಚ್ ಕೂರಿಸುವ ಕೆಲಸ ಮಾಡುತ್ತಿರುವ ನನಗೆ, ಈ ಎರಡು ಸಂಖ್ಯೆಗಳನ್ನು ಕೇಳದೆಯೇ ಕೈಗೆ ಕೊಟ್ಟ ಗಿರಾಕಿಗಳು ಬಹಳ ಕಡಿಮೆ. ಹಿಚ್ಚಿನ ಮಟ್ಟಿಗೆ ನನ್ನ ಉತ್ತರ ಇಷ್ಟು: ಪಕ್ ಕುಳಿಗಳಲ್ಲಿ ನೇರವಾಗಿ ಕೂರುವ, ಟ್ರೇಲರಿನ ಮೂಗಿನಡಿಯ ದಪ್ಪ ಕೀಲಾದ ಕಿಂಗ್‌ಪಿನ್ನನ್ನು ದವಡೆಯಿಂದ ಸುತ್ತ ಹಿಡಿಯುವ ಉಕ್ಕಿನ ಹಿಚ್ ತೆಗೆದುಕೊಳ್ಳಿ, ನಿಮ್ಮ 44 ಇಂಚಿನ ಅಂತರಕ್ಕೆ ಅದು ಬಹುತೇಕ ಸ್ಲೈಡರ್ ಆಗಿರಬೇಕಾಗುತ್ತದೆ, ಮತ್ತು ಗೂಸ್‌ನೆಕ್ ಅಡಾಪ್ಟರಿನ ಯೋಚನೆಯನ್ನು ಬಿಟ್ಟುಬಿಡಿ. ಆದರೆ ಅದಕ್ಕೂ ಮೊದಲು ಹೇಳಲೇಬೇಕಾದ ಮಾತೊಂದಿದೆ. ನಿಮ್ಮ ಐದು ಜನರನ್ನು ಕೂರಿಸಿಕೊಂಡ ಈ ಪಿಕಪ್ಪಿಗೆ ಆ 16,000 ಪೌಂಡಿನ ಟ್ರೇಲರ್ ಹೆಚ್ಚಾಯಿತು, ಮತ್ತು ಯಾವ ಹಿಚ್ಚೂ ಆ ಹೆಚ್ಚುವರಿಯನ್ನು ಕಡಿಮೆ ಮಾಡಲಾರದು.

ಎತ್ತಿನ ಗಾಡಿ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮೂರಿನಲ್ಲಿ ಗಾಡಿಗೆ ಭತ್ತದ ಮೂಟೆ ಹೇರುವಾಗ ಅಪ್ಪ ಮೊದಲು ನೋಡುತ್ತಿದ್ದುದು ಮೂಕಿಯ ಭಾರವನ್ನು. ಮೂಟೆಗಳು ಹಿಂದಕ್ಕೆ ಸರಿದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂದಕ್ಕೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಗಾಡಿಯ ಒಟ್ಟು ಭಾರವನ್ನು ಎತ್ತುಗಳು ಎಳೆಯುತ್ತವೆ, ಆದರೆ ಹೊರುವುದು ಮೂಕಿಯ ಮೇಲೆ ಬಂದಷ್ಟನ್ನು ಮಾತ್ರ. ಪಿಕಪ್ಪಿನ ಲೆಕ್ಕವೂ ಹೀಗೆಯೇ ಎಳೆಯುವುದು ಮತ್ತು ಹೊರುವುದು ಎಂದು ಎರಡಾಗಿದೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಎಳೆಯುವ ಶಕ್ತಿ. ಬಾಗಿಲ ಕಂಬದ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವುದು ಹೊರುವ ಶಕ್ತಿ. ಬಂಪರಿನ ಹಿಂದೆ ಚೆಂಡಿಗೆ ಸಿಕ್ಕಿಸುವ ಸಾಧಾರಣ ಟ್ರೇಲರ್ ತನ್ನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲನ್ನು ಎಳೆಯುವ ಗಾಡಿಯ ಮೇಲೆ ಹಾಕಿದರೆ, ಫಿಫ್ತ್ ವೀಲ್ ಟ್ರೇಲರ್ ಹದಿನೈದರಿಂದ ಇಪ್ಪತ್ತೈದು ಪಾಲು ಹಾಕುತ್ತದೆ. ಅಷ್ಟು ಭಾರ ನೇರವಾಗಿ ಹಿಂದಿನ ಅಚ್ಚಿನ ಮೇಲೋ ಅದರ ತುಸು ಮುಂದಕ್ಕೋ ಕೂರುವುದರಿಂದಲೇ ಫಿಫ್ತ್ ವೀಲ್ ಅಷ್ಟೊಂದು ಸ್ಥಿರವಾಗಿ ಓಡುತ್ತದೆ. ಚೀಟಿಯ ಮಿತಿ ಬೇಗ ಮುಗಿದುಹೋಗುವುದಕ್ಕೂ ಅದೇ ಕಾರಣ.

ನಿಮ್ಮ ಲೆಕ್ಕವನ್ನೇ ಮಾಡೋಣ. ಚೀಟಿಯ 3,870 ಪೌಂಡ್ ಎಂಬುದು ಚಾಲಕರೂ ಸೇರಿದಂತೆ ಒಳಗೆ ಕೂತವರ ಮತ್ತು ಹೇರಿದ ಎಲ್ಲ ಸಾಮಾನಿನ ಒಟ್ಟು ಮಿತಿ. ನಾಲ್ವರು ಹಿರಿಯರು, ಒಬ್ಬ ಮಗಳು, ಕ್ಯಾಬಿನಲ್ಲಿ ಇಟ್ಟುಕೊಳ್ಳುವ ಚೀಲ, ನೀರು, ತಿಂಡಿ ಎಲ್ಲ ಸೇರಿ 680 ಪೌಂಡ್ ಹಿಡಿಯಿರಿ. ಸ್ಥಿರವಾದ ಉಕ್ಕಿನ ಹಿಚ್ಚಿಗೆ ಸುಮಾರು 200 ಪೌಂಡ್. ಉಳಿಯುವುದು 2,990. ಈಗ ಟ್ರೇಲರಿನ ಪಿನ್ ಭಾರ, ಅಂದರೆ ಅದು ಹಿಚ್ಚಿನ ಮೇಲೆ ಹಾಕುವ ಭಾರ: ನೂರಕ್ಕೆ 22ರಂತೆ 16,000 ಪೌಂಡಿಗೆ 3,520. ಅಂದರೆ 530 ಪೌಂಡ್ ಮಿತಿ ಮೀರಿತು. ಟ್ರೇಲರನ್ನು ಪೂರ್ತಿ ತುಂಬುವುದಿಲ್ಲ, 15,000ಕ್ಕೆ ನಿಲ್ಲಿಸುತ್ತೇವೆ ಎಂದುಕೊಂಡರೂ ಪಿನ್ ಭಾರ 3,300, ಆಗಲೂ 310 ಪೌಂಡ್ ಹೆಚ್ಚು. ಮೂರನೆಯವರು ತೋರಿಸಿದ ಅಲ್ಯೂಮಿನಿಯಂ ಹಿಚ್ 40 ಪೌಂಡಿನ ಆಸುಪಾಸಿನಲ್ಲಿರುತ್ತದೆ, ಆದ್ದರಿಂದ ಉಳಿತಾಯ 160 ಪೌಂಡ್ ಮಾತ್ರ; ಅದರಿಂದಲೂ ಲೆಕ್ಕ ಸರಿಹೋಗುವುದಿಲ್ಲ.

ಮಾರಾಟದ ಪತ್ರಿಕೆಯಲ್ಲಿ ಪಿನ್ ಭಾರವನ್ನು ಇದಕ್ಕಿಂತ ಬಹಳ ಕಡಿಮೆ ಬರೆದಿರುವುದನ್ನು ನೀವು ನೋಡಿರಬಹುದು. ಅದು ಖಾಲಿ ಟ್ರೇಲರಿನ ಸಂಖ್ಯೆ. ಈ ಮನೆಗಳಲ್ಲಿ ಮಲಗುವ ಕೋಣೆ, ಬಟ್ಟೆಯ ಕಪಾಟು, ಬಟ್ಟೆ ಒಗೆಯುವ ಯಂತ್ರದ ಜಾಗ, ಅನಿಲದ ಸಿಲಿಂಡರು, ಬ್ಯಾಟರಿ, ಜನರೇಟರು, ಕೆಳಗಿನ ದೊಡ್ಡ ಸಾಮಾನು ಗೂಡು, ಎಲ್ಲವೂ ಚಕ್ರಗಳ ಮುಂದಕ್ಕೆ ಇರುತ್ತವೆ. ಆದ್ದರಿಂದ ನೀವು ಸಂಸಾರ ಹೂಡಿದಂತೆಲ್ಲ ಏರುವುದು ಪಿನ್ ಭಾರವೇ. ಖಾಲಿಯ ಸಂಖ್ಯೆಯನ್ನು ನಂಬಿ ಕೊಂಡು, ಆರು ತಿಂಗಳ ನಂತರ ಹಿಂಭಾಗ ಕುಗ್ಗಿ ಹೆಡ್‌ಲೈಟು ಮರದ ತುದಿ ನೋಡುತ್ತಿರುವ ಪಿಕಪ್ಪುಗಳು ನನ್ನ ಅಂಗಳಕ್ಕೆ ವರ್ಷವಿಡೀ ಬರುತ್ತವೆ. ಹಿಂದಿನ ಸ್ಪ್ರಿಂಗಿಗೆ ಆಸರೆಯಾಗುವ ಏರ್ ಬ್ಯಾಗ್ ಹಾಕಿಸಿದರೆ ಹಿಂಭಾಗ ಮೇಲೇಳುತ್ತದೆ, ಬೆಳಕು ರಸ್ತೆಗೆ ಬೀಳುತ್ತದೆ, ಆದರೆ ಅಚ್ಚಿನ ಮಿತಿ, ಬ್ರೇಕಿನ ಮಿತಿ, ಟೈರಿನ ಮಿತಿ ಇದ್ದಲ್ಲೇ ಇರುತ್ತವೆ. ಉದಾಹರಣೆಗೆ, ಈ ದರ್ಜೆಯ ಪಿಕಪ್ಪುಗಳಲ್ಲಿ ಸಾಮಾನ್ಯವಾದ 275/70ಆರ್18 ಅಳತೆಯ ಇ ದರ್ಜೆಯ ಟೈರು 80 ಪಿಎಸ್‌ಐ ಗಾಳಿಯಲ್ಲಿ ಹೊರುವುದು 3,640 ಪೌಂಡ್. ಹಿಂದಿನ ಎರಡು ಟೈರುಗಳು ಸೇರಿ 7,280. ಪಿಕಪ್ಪಿನ ಸ್ವಂತ ಹಿಂಭಾರ, ಹಿಂದಿನ ಸೀಟಿನವರು, ಹಿಚ್, ಪಿನ್ ಎಲ್ಲ ಸೇರಿ ಆ ಅಂಕಿಯನ್ನು ಮುಟ್ಟಲು ಹೆಚ್ಚು ದೂರವೇನಿಲ್ಲ, ಅದೂ ಜುಲೈ ತಿಂಗಳ ಟೆಕ್ಸಾಸ್ ಡಾಂಬರಿನ ಮೇಲೆ.

ಆದ್ದರಿಂದ ನಿಮ್ಮ ಮುಂದೆ ಎರಡು ದಾರಿಗಳಿವೆ. ಪಿಕಪ್ ಇದೇ ಇರಲಿ ಎಂದಾದರೆ, ಉಳಿದ 2,990ನ್ನು 0.22ರಿಂದ ಭಾಗಿಸಿ: ತುಂಬಿದ ಟ್ರೇಲರ್ ಸುಮಾರು 13,500 ಪೌಂಡ್ ದಾಟಬಾರದು. ಸ್ಲೈಡರ್ ಹಿಚ್ ಇನ್ನೂ 80 ಪೌಂಡ್ ಹೆಚ್ಚು ತೂಗುವುದರಿಂದ, ಗರಿಷ್ಠ ತೂಕ 14,000 ಇರುವ ಟ್ರೇಲರನ್ನು ಕೊಂಡು 12,500ರ ಆಸುಪಾಸಿನಲ್ಲಿ ತುಂಬುವುದು ನೆಮ್ಮದಿಯ ಲೆಕ್ಕ. ಟ್ರೇಲರ್ ಅದೇ ಬೇಕು ಎಂದಾದರೆ, ಹಿಂದೆ ನಾಲ್ಕು ಚಕ್ರಗಳಿರುವ ಡ್ಯುಯಲಿ ಬೇಕು. ಅದರ ಚೀಟಿಯಲ್ಲಿ ಸಾಮಾನ್ಯವಾಗಿ 5,000 ಪೌಂಡ್ ದಾಟಿದ ಸಂಖ್ಯೆ ಇರುತ್ತದೆ, ಆದರೂ ಕೊಳ್ಳುವ ಗಾಡಿಯ ಚೀಟಿಯನ್ನು ಬಗ್ಗಿ ನೋಡಿಯೇ ಕೊಳ್ಳಿ, ಏಕೆಂದರೆ ಸನ್‌ರೂಫ್, ದೊಡ್ಡ ಕ್ಯಾಬ್, ನಾಲ್ಕು ಚಕ್ರದ ಚಾಲನೆ ಎಲ್ಲವೂ ಆ ಸಂಖ್ಯೆಯಿಂದಲೇ ಕಳೆದುಹೋಗುತ್ತವೆ. ಅಪ್ಪ ಅಮ್ಮ ಹಿಂದೆ ಟ್ರೇಲರಿನಲ್ಲಿ ಮಲಗಿಕೊಂಡು ಬರಲಿ ಎಂಬ ಯೋಚನೆ ಬಂದರೆ ದಯವಿಟ್ಟು ಅಲ್ಲಿಗೇ ಬಿಡಿ. ಅಲ್ಲಿ ಸೀಟು ಬೆಲ್ಟಿಲ್ಲ, ಒಳಗಿನ ಕಪಾಟುಗಳು ಪ್ರಯಾಣದಲ್ಲಿ ಮನುಷ್ಯರ ಪಕ್ಕ ಇರಲೆಂದು ಕಟ್ಟಿದವೂ ಅಲ್ಲ. ಪರವಾನಗಿಯ ವಿಷಯವೂ ಇಲ್ಲೇ ಬರುತ್ತದೆ. ಟೆಕ್ಸಾಸ್‌ನಲ್ಲಿ ಎರಡೂ ಗಾಡಿಗಳ ಸೇರಿದ ಗರಿಷ್ಠ ತೂಕ 26,001 ಪೌಂಡ್ ಮುಟ್ಟಿ, ಟ್ರೇಲರಿನದು 10,000 ದಾಟಿದರೆ, ಸ್ವಂತ ಬಳಕೆಗೂ ವಾಣಿಜ್ಯೇತರ ಎ ದರ್ಜೆಯ ಪರವಾನಗಿ ಬೇಕಾಗುತ್ತದೆ. 16,000ದ ಟ್ರೇಲರಿಗೆ ಅದು ಖಂಡಿತ ಅನ್ವಯಿಸುತ್ತದೆ. ಚಿಕ್ಕ ಟ್ರೇಲರ್ ಆರಿಸಿದರೂ ಕೊಳ್ಳುವ ಮೊದಲೇ ಸಾರ್ವಜನಿಕ ಸುರಕ್ಷಾ ಇಲಾಖೆಯ ಕಚೇರಿಯಲ್ಲಿ ಎರಡೂ ಗಾಡಿಗಳ ಅಂಕಿ ತೋರಿಸಿ ಕೇಳಿಕೊಳ್ಳಿ.

ಭಾರದ ಮಾತು ಮುಗಿಯಿತು. ಈಗ ಹಿಚ್ಚಿಗೆ ಬರೋಣ.

ಫಿಫ್ತ್ ವೀಲ್ ಎಂಬ ಹೆಸರು ಕುದುರೆ ಗಾಡಿಯ ಕಾಲದ್ದು. ನಾಲ್ಕು ಚಕ್ರದ ಗಾಡಿಯ ಮುಂದಿನ ಅಚ್ಚು ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಒಂದು ಬಳೆಯಂಥ ಚಕ್ರ ಕೂರಿಸುತ್ತಿದ್ದರು. ಅದೇ ಐದನೆಯ ಚಕ್ರ. ಇಂದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಸಾಲುಗಟ್ಟಿ ಹೋಗುವ ನಲವತ್ತು ಅಡಿಯ ಕಂಟೇನರ್ ಲಾರಿಗಳಲ್ಲಿ, ಮುಂದಿನ ಗಾಡಿಯ ಬೆನ್ನ ಮೇಲೆ ಗ್ರೀಸು ಮೆತ್ತಿದ ಕುದುರೆಲಾಳದಂಥ ತಟ್ಟೆಯೊಂದು ಕಾಣುತ್ತದಲ್ಲ, ಅದರ ಚಿಕ್ಕ ತಮ್ಮನೇ ನಿಮ್ಮ ಪಿಕಪ್ಪಿನಲ್ಲಿ ಕೂರುವುದು. ಟ್ರೇಲರಿನ ಮೂಗಿನಿಂದ ಕೆಳಕ್ಕೆ ಇಳಿದ ಪಿನ್ ಬಾಕ್ಸಿನ ತುದಿಯಲ್ಲಿ ಎರಡಿಂಚು ದಪ್ಪದ ಕಿಂಗ್‌ಪಿನ್ ಇರುತ್ತದೆ. ಹಿಚ್ಚಿನ ದವಡೆ ಅದರ ನಡುವಿನ ಸಣ್ಣ ಕೊರಳನ್ನು ಹಿಡಿದುಕೊಳ್ಳುತ್ತದೆ. ಪಿನ್ ಬಾಕ್ಸಿನ ಅಡಿತಟ್ಟೆ ಹಿಚ್ಚಿನ ತಟ್ಟೆಯ ಮೇಲೆ ಕೂತು ಭಾರ ಹೊರಿಸುತ್ತದೆ. ಎಳೆತವನ್ನು ಪಿನ್ನೂ ಭಾರವನ್ನು ತಟ್ಟೆಯೂ ಹಂಚಿಕೊಳ್ಳುವ ಈ ಏರ್ಪಾಡಿಗೆ ತಕ್ಕಂತೆಯೇ ನಿಮ್ಮ ಟ್ರೇಲರಿನ ಚೌಕಟ್ಟನ್ನು ಬೆಸೆದಿರುತ್ತಾರೆ.

ಗೂಸ್‌ನೆಕ್ ಅಡಾಪ್ಟರ್ ಕೆಡಿಸುವುದು ಈ ಏರ್ಪಾಡನ್ನೇ. ಕಿಂಗ್‌ಪಿನ್ನಿಗೆ ಒಂದು ಉದ್ದನೆಯ ಕೊಳವೆ ಜೋಡಿಸಿ, ಅದರ ತುದಿಯನ್ನು ಬೆಡ್ಡಿನ ನೆಲದಲ್ಲಿರುವ 2 5/16 ಇಂಚಿನ ಚೆಂಡಿಗೆ ಸಿಕ್ಕಿಸುತ್ತಾರೆ. ಬೆಡ್ ಖಾಲಿಯಾಗಿ ಉಳಿಯುತ್ತದೆ, ಖರ್ಚು ಕಡಿಮೆ, ಹಿಚ್ ಎತ್ತುವ ಗೋಜಿಲ್ಲ, ಇವೆಲ್ಲ ನಿಜ. ಆದರೆ ಸನ್ನೆಗೋಲಿನ ಲೆಕ್ಕ ನೋಡಿ. ಟ್ರೇಲರಿನ ಚೌಕಟ್ಟಿನಿಂದ ಕಿಂಗ್‌ಪಿನ್ನಿಗೆ 20 ಇಂಚು ಇಳಿತವಿದೆ ಎಂದುಕೊಳ್ಳಿ. ಬ್ರೇಕ್ ಹಾಕಿದಾಗ 1,000 ಪೌಂಡ್ ತಳ್ಳುವಿಕೆ ಬಂದರೆ ಚೌಕಟ್ಟಿನ ಬೆಸುಗೆಯ ಮೇಲೆ ಬೀಳುವ ತಿರುಚು 20,000 ಇಂಚು-ಪೌಂಡ್. ಅಡಾಪ್ಟರ್ ಇನ್ನೊಂದು 16 ಇಂಚು ಸೇರಿಸಿದರೆ ಅದೇ ತಳ್ಳುವಿಕೆಗೆ 36,000. ಪ್ರತಿ ನಿಲುಗಡೆಯಲ್ಲಿ, ಪ್ರತಿ ಹೊರಡುವಿಕೆಯಲ್ಲಿ, ಸೇತುವೆಯ ಪ್ರತಿ ಕೀಲಿನಲ್ಲಿ ಇದು ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. ದನ, ಕುದುರೆ, ಹುಲ್ಲಿನ ಪಿಂಡಿ ಸಾಗಿಸುವ ಗೂಸ್‌ನೆಕ್ ಟ್ರೇಲರುಗಳ ಕತ್ತನ್ನು ಈ ತಿರುಚಿಗೆಂದೇ ಭಾರಿ ಉಕ್ಕಿನಲ್ಲಿ ಕಟ್ಟಿರುತ್ತಾರೆ. ವಾಸದ ಟ್ರೇಲರಿನ ಮೂಗು ಅಂಥದ್ದಲ್ಲ. ಅಡಾಪ್ಟರ್ ಹಾಕಿ ಓಡಿಸಿದ ಒಂದು ಟ್ರೇಲರನ್ನು ನಾನು ಬಿಚ್ಚಿ ನೋಡಿದಾಗ, ಪಿನ್ ಬಾಕ್ಸಿನ ಪಕ್ಕದ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕು ಅಂಗೈಯುದ್ದಕ್ಕೂ ಹರಿದಿತ್ತು, ಅದರ ಅಂಚಿನ ಬಣ್ಣದಲ್ಲಿ ತುಕ್ಕಿನ ನೀರು ಇಳಿದ ಗೆರೆ ಮೂಡಿತ್ತು. ಒಡೆಯರು ಒಳಗೆ ಮಲಗುವ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುತ್ತಿಲ್ಲ ಎಂದು ದೂರಿಕೊಂಡು ಬಂದಿದ್ದರು.

ಪಿನ್ ಬಾಕ್ಸನ್ನೇ ಪೂರ್ತಿ ಬದಲಿಸಿ, ಗೂಸ್‌ನೆಕ್ ಚೆಂಡಿಗೆಂದೇ ವಿನ್ಯಾಸ ಮಾಡಿದ, ಗಾಳಿಚೀಲದ ಆಸರೆಯುಳ್ಳ ಪೆಟ್ಟಿಗೆ ಹಾಕುವ ವಿಧಾನವೂ ಇದೆ. ಅದು ಕೊಳವೆ ಅಡಾಪ್ಟರಿಗಿಂತ ಎಷ್ಟೋ ಮೇಲು. ಆ ದಾರಿ ಹಿಡಿಯುವುದಾದರೆ ಚೌಕಟ್ಟಿನ ತಯಾರಕರಿಂದ, ನಿಮ್ಮ ಟ್ರೇಲರಿನ ಮಾದರಿ ಹೆಸರಿಸಿದ ಲಿಖಿತ ಒಪ್ಪಿಗೆ ಪಡೆಯಿರಿ. ಮಾರಾಟಗಾರರ ಬಾಯಿಮಾತು ಖಾತರಿಯ ಕಾಲದಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ.

ಹಗುರ ಅಲ್ಯೂಮಿನಿಯಂ ಹಿಚ್ಚಿನ ಬಗ್ಗೆ ನನಗೆ ಅಂಥ ತಕರಾರಿಲ್ಲ. ಅದರಲ್ಲಿ ದವಡೆಯ ಬದಲು ಗೋಪುರದಂಥ ಚೌಕಟ್ಟಿನ ತುದಿಯಲ್ಲಿ ಒಂದು ಚೆಂಡು ಇರುತ್ತದೆ, ಕಿಂಗ್‌ಪಿನ್ನಿಗೆ ಒಂದು ಬಟ್ಟಲು ಬಿಗಿಯುತ್ತಾರೆ, ಬಟ್ಟಲು ಚೆಂಡಿನ ಮೇಲೆ ಕೂರುತ್ತದೆ. ತಿರುಗುವ ಬಿಂದು ಹೆಚ್ಚುಕಡಿಮೆ ಕಿಂಗ್‌ಪಿನ್ನಿನ ಎತ್ತರದಲ್ಲೇ ಉಳಿಯುವುದರಿಂದ ಟ್ರೇಲರಿನ ಕತ್ತಿಗೆ ಗೂಸ್‌ನೆಕ್ಕಿನಷ್ಟು ತಿರುಚು ಬೀಳುವುದಿಲ್ಲ. ಬೆನ್ನುನೋವಿರುವವರಿಗೆ, ಹತ್ತು ಹನ್ನೆರಡು ಸಾವಿರ ಪೌಂಡಿನ ಟ್ರೇಲರಿನವರಿಗೆ ನಾನೇ ಅದನ್ನು ಕೂರಿಸಿಕೊಟ್ಟಿದ್ದೇನೆ. ಆದರೆ ಗೂಸ್‌ನೆಕ್ ಕುಳಿಗೆ ಜೋಡಿಸುವ ಮಾದರಿಯಲ್ಲಿ ಎಲ್ಲ ಎಳೆತವೂ ನಡುವಿನ ಒಂದೇ ಬಿಂದುವಿನಿಂದ ಪಿಕಪ್ಪಿಗೆ ಹೋಗುತ್ತದೆ. ಕಾರ್ಖಾನೆಯವರು ಚಾಸಿಗೆ ಗಟ್ಟಿಯಾಗಿ ಬೆಸೆದುಕೊಟ್ಟ ನಾಲ್ಕು ಕುಳಿಗಳಿರುವಾಗ, ದೊಡ್ಡ ಟ್ರೇಲರಿನ ಹೊರೆಯನ್ನು ನಾಲ್ಕು ಕಡೆ ಹಂಚುವುದು ನನಗೆ ಸರಿಯೆನಿಸುತ್ತದೆ. ಪಕ್ಕಿನಲ್ಲಿ ಕೂರುವ ಹಿಚ್ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಕಾಲು ಸುತ್ತು ತಿರುಗಿಸಿದರೆ ಹಿಡಿಕೆ ಸಡಿಲವಾಗುತ್ತದೆ. ಇಬ್ಬರು ಸೇರಿ ಇಳಿಸಬಹುದು. ಕೂರಿಸಿದ ಮೇಲೆ ಒಂದು ಕೂದಲಷ್ಟೂ ಅಲುಗಾಟ ಇಲ್ಲದಂತೆ ನಾಲ್ಕೂ ಕಾಲುಗಳ ಬಿಗಿಯನ್ನು ಸರಿಪಡಿಸಿಕೊಳ್ಳಿ, ಇಲ್ಲವಾದರೆ ರಸ್ತೆಯುದ್ದಕ್ಕೂ ಬೆನ್ನಿಗೆ ಗುದ್ದಿದಂತೆ ಧಡಧಡ ಎನ್ನುತ್ತಿರುತ್ತದೆ.

ಸ್ಲೈಡರ್ ಬೇಕೋ ಬೇಡವೋ ಎಂಬುದಕ್ಕೆ ಅಳತೆಯೇ ಉತ್ತರ. ಟ್ರೇಲರಿನ ಅಗಲ ಸಾಮಾನ್ಯವಾಗಿ 96 ಇಲ್ಲವೇ 102 ಇಂಚು. 102 ಎಂದಾದರೆ ಅರ್ಧ 51. ಪಿಕಪ್ ಟ್ರೇಲರಿಗೆ ಅಡ್ಡಲಾಗಿ, ಪೂರ್ತಿ ತೊಂಬತ್ತು ಡಿಗ್ರಿ ತಿರುಗಿ ನಿಂತಾಗ, ಟ್ರೇಲರಿನ ಪಕ್ಕದ ಗೋಡೆ ಕಿಂಗ್‌ಪಿನ್ನಿನಿಂದ ಕ್ಯಾಬಿನ ಕಡೆಗೆ 51 ಇಂಚು ಚಾಚಿರುತ್ತದೆ. ನಿಮಗಿರುವ ಜಾಗ 44. ಮೂಲೆ ಚೌಕವಾಗಿದ್ದು ಪಿನ್ನಿನ ನೇರಕ್ಕೇ ಇದ್ದರೆ 45 ಡಿಗ್ರಿಯಲ್ಲಿ ಅದು ಚಾಚುವುದು 36 ಇಂಚು, ತೊಂದರೆಯಿಲ್ಲ. 60 ಡಿಗ್ರಿಗೆ 44, ಗಾಜು ಮುಟ್ಟಿತು. ಹೆದ್ದಾರಿಯ ಯಾವ ತಿರುವಿನಲ್ಲೂ ಇಷ್ಟು ಕೋನ ಬರುವುದಿಲ್ಲ. ಬರುವುದು ಪೆಟ್ರೋಲ್ ಬಂಕಿನಲ್ಲಿ, ಮತ್ತು ಮರಗಳ ನಡುವಿನ ಕ್ಯಾಂಪಿನ ಜಾಗಕ್ಕೆ ಹಿಮ್ಮುಖವಾಗಿ ತೂರಿಸುವಾಗ.

ಈಗಿನ ಎಷ್ಟೋ ಟ್ರೇಲರುಗಳ ಮುಂಭಾಗವನ್ನು ಗುಂಡಗೆ ಒಳಸರಿಸಿ ಮಾಡಿರುತ್ತಾರೆ, ಚಿಕ್ಕ ಬೆಡ್ಡಿಗೆ ಸ್ಲೈಡರ್ ಬೇಡ ಎಂದು ಅದನ್ನು ತೋರಿಸಿಯೇ ಹೇಳುತ್ತಾರೆ. ನಂಬುವ ಮೊದಲು ಅಳೆಯಿರಿ. ಟ್ರೇಲರ್ ನಿಂತ ಅಂಗಳಕ್ಕೆ ಸೀಮೆಸುಣ್ಣ, ಟೇಪು ಮತ್ತು ಗಾರೆ ಕೆಲಸದವರ ತೂಗುಗುಂಡು ಒಯ್ಯಿರಿ. ಕಿಂಗ್‌ಪಿನ್ನಿನ ನೇರ ಕೆಳಗೆ ನೆಲದ ಮೇಲೆ ಗುರುತು ಮಾಡಿ, ಅಲ್ಲಿಂದ ಟ್ರೇಲರಿನ ನಡುಗೆರೆಯನ್ನು ಹಿಂದಕ್ಕೆ 40 ಇಂಚು ಎಳೆಯಿರಿ. ಪಿಕಪ್ಪಿನ ಕ್ಯಾಬ್ ಸುಮಾರು 80 ಇಂಚು ಅಗಲವಿರುವುದರಿಂದ, ಅಡ್ಡ ನಿಂತಾಗ ಕ್ಯಾಬಿಗೆ ಎದುರಾಗುವುದು ಈ ನಲವತ್ತು ಇಂಚಿನೊಳಗಿನ ಭಾಗವೇ. ಕ್ಯಾಬಿನ ಗಾಜು ಮತ್ತು ಮಾಡಿನ ಎತ್ತರದಲ್ಲಿ ಮುಂಭಾಗದ ಹೊರ ಅಂಚಿನಿಂದ ಗುಂಡು ಇಳಿಬಿಟ್ಟು, ನಡುಗೆರೆಗೆ ಎಷ್ಟು ದೂರ ಎಂದು ನಾಲ್ಕಾರು ಕಡೆ ಅಳೆಯಿರಿ. ಅತಿ ದೊಡ್ಡ ಅಳತೆ 40 ಇಂಚು ದಾಟದಿದ್ದರೆ ನಾಲ್ಕು ಇಂಚಿನ ಸಡಿಲು ಉಳಿಯುತ್ತದೆ, ಸ್ಥಿರ ಹಿಚ್ ಸಾಕು. ದಾಟಿದರೆ ಸ್ಲೈಡರ್ ಬೇಕು. ನೆಲ ಓರೆಯಾಗಿದ್ದಾಗ ಟ್ರೇಲರಿನ ತಲೆ ಕ್ಯಾಬಿನ ಕಡೆಗೆ ಬಾಗುತ್ತದೆ ಎಂಬುದಕ್ಕಾಗಿಯೇ ಆ ನಾಲ್ಕು ಇಂಚನ್ನು ನಾನು ಬಿಡಿಸಿಕೊಳ್ಳುವುದು.

ಸ್ಲೈಡರ್ ಎಂದರೆ ಹಳಿಯ ಮೇಲೆ ಹತ್ತರಿಂದ ಹದಿನಾಲ್ಕು ಇಂಚು ಹಿಂದಕ್ಕೆ ಜಾರುವ ಹಿಚ್. ಕೈಯಿಂದ ಜಾರಿಸುವ ಬಗೆಯಲ್ಲಿ ಗಾಡಿಯನ್ನು ನೇರವಾಗಿ ನಿಲ್ಲಿಸಿ, ಟ್ರೇಲರಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕೆಳಗಿಳಿದು ಬೀಗದ ಹಿಡಿಕೆ ಎಳೆದು, ಟ್ರೇಲರಿನ ಬ್ರೇಕನ್ನು ಕೈಯಿಂದ ಒತ್ತಿ ಹಿಡಿದು ಪಿಕಪ್ಪನ್ನು ಮೆಲ್ಲನೆ ಮುಂದಕ್ಕೆ ಬಿಡಬೇಕು. ಟಕ್ ಎಂದು ಹಿಂದಿನ ಗುಣಿಗೆ ಬೀಳುತ್ತದೆ. ಕೆಲಸ ಮುಗಿದ ಮೇಲೆ ಇದೇ ಕ್ರಮದಲ್ಲಿ ಮುಂದಕ್ಕೆ ತಂದು ಬೀಗ ಹಾಕಲೇಬೇಕು, ಏಕೆಂದರೆ ಹಿಂದಕ್ಕೆ ಜಾರಿದ ಸ್ಥಿತಿಯಲ್ಲಿ ಪಿನ್ ಭಾರ ಅಚ್ಚಿನ ಹಿಂದಕ್ಕೆ ಬೀಳುತ್ತದೆ, ಮುಂದಿನ ಚಕ್ರಗಳು ಹಗುರಾಗುತ್ತವೆ. ಅದು ರಸ್ತೆಯ ಓಟಕ್ಕೆ ಹೇಳಿದ ಸ್ಥಿತಿಯಲ್ಲ. ಈ ಬಗೆಯ ದೊಡ್ಡ ದೌರ್ಬಲ್ಯ ಮರೆವು. ಸ್ಲೈಡರ್ ಇದ್ದೂ ಜಾರಿಸದೆ ಬಂಕಿನಲ್ಲಿ ತಿರುಗಿಸಿ ಹಿಂದಿನ ಗಾಜು ಒಡೆದುಕೊಂಡವರು, ಸ್ಲೈಡರ್ ಇಲ್ಲದವರಿಗಿಂತ ಹೆಚ್ಚಾಗಿ ನನ್ನ ಬಳಿ ಬಂದಿದ್ದಾರೆ. ಇಲ್ಲದವರು ಎಚ್ಚರವಾಗಿರುತ್ತಾರೆ.

ತಾನೇ ಜಾರುವ ಸ್ವಯಂಚಾಲಿತ ಸ್ಲೈಡರ್ ಈ ಮರೆವಿಗೆ ಮದ್ದು. ತಿರುವಿನ ಕೋನ ಹೆಚ್ಚಿದಂತೆ ಅದು ತಾನಾಗಿಯೇ ಹಿಂದಕ್ಕೆ ಸರಿದು, ನೇರವಾದಾಗ ಮುಂದಕ್ಕೆ ಬರುತ್ತದೆ. ಅದಕ್ಕಾಗಿ ಪಿನ್ ಬಾಕ್ಸಿಗೆ ಒಂದು ಹಿಡಿತದ ತಟ್ಟೆ ಬಿಗಿಯಬೇಕು. ಬೆಲೆಯೂ ತೂಕವೂ ಹೆಚ್ಚು. ನೀವು ವರ್ಷಕ್ಕೆ ಹತ್ತಾರು ಕ್ಯಾಂಪುಗಳಿಗೆ ಹೋಗುವವರಾದರೆ ಅದಕ್ಕೇ ಹಣ ಹಾಕಿ ಎನ್ನುತ್ತೇನೆ. ಒಂದೆರಡು ಪ್ರವಾಸಕ್ಕಾದರೆ ಕೈ ಸ್ಲೈಡರ್ ಸಾಕು. ಟ್ರೇಲರಿನ ಕಡೆಯಲ್ಲೇ ತಿರುಗುವ ಪಿನ್ ಬಾಕ್ಸ್ ಹಾಕಿ, ತಿರುಗುವ ಬಿಂದುವನ್ನು ಸುಮಾರು ಇಪ್ಪತ್ತು ಇಂಚು ಹಿಂದಕ್ಕೆ ಒಯ್ಯುವ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಕಿಂಗ್‌ಪಿನ್ ಹಿಚ್ಚಿನೊಳಗೆ ತಿರುಗದಂತೆ ಒಂದು ಬೆಣೆ ತಡೆಯುತ್ತದೆ, ಆ ಬೆಣೆ ನಿಮ್ಮ ಹಿಚ್ಚಿನ ಮಾದರಿಗೇ ಹೊಂದಬೇಕು. ನೀವು ಕೊಳ್ಳುವ ಟ್ರೇಲರಿನಲ್ಲಿ ಅದು ಮೊದಲೇ ಇದ್ದರೆ ಸ್ಲೈಡರ್ ಕೊಳ್ಳಬೇಡಿ.

ಹಿಚ್ಚಿನ ತಲೆಯ ವಿಷಯದಲ್ಲಿ ಹೆಚ್ಚು ಯೋಚನೆ ಬೇಡ, ಎರಡು ಮೂರು ಸಂಗತಿ ನೋಡಿಕೊಂಡರೆ ಸಾಕು. ಹಿಂದೆ ಮುಂದೆ ಮಾತ್ರವಲ್ಲದೆ ಎಡಕ್ಕೂ ಬಲಕ್ಕೂ ತೂಗುವ ತಲೆ ಇರಲಿ; ಓರೆ ನೆಲದ ಕ್ಯಾಂಪಿನಲ್ಲಿ ಸಿಕ್ಕಿಸುವಾಗ ಬಿಡಿಸುವಾಗ ಅದರ ಬೆಲೆ ತಿಳಿಯುತ್ತದೆ. ಒಂದು ಕಂಬಿ ಅಡ್ಡ ಬರುವ ಅಗ್ಗದ ಬಗೆಗಿಂತ, ಎರಡೂ ಕಡೆಯಿಂದ ಮುಚ್ಚಿಕೊಂಡು ಪಿನ್ನನ್ನು ಸುತ್ತಲೂ ತಬ್ಬುವ ಜೋಡಿ ದವಡೆ ಮೇಲು. ಸದ್ದು ಕಡಿಮೆ, ಬಿಡಿಸುವಾಗ ಕಚ್ಚಿಕೊಳ್ಳುವುದಿಲ್ಲ. ಎಳೆತದ ಮಿತಿ ಟ್ರೇಲರಿನ ಗರಿಷ್ಠ ತೂಕವನ್ನೂ ಲಂಬ ಭಾರದ ಮಿತಿ ಪಿನ್ ಭಾರವನ್ನೂ ಮೀರಿರಬೇಕು, ಮತ್ತು ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯ ಜೆ2638 ಪ್ರಮಾಣಕ್ಕೆ ಪರೀಕ್ಷಿಸಿದ್ದು ಎಂದು ಬರೆದಿರಬೇಕು. ಫಿಫ್ತ್ ವೀಲ್ ಮತ್ತು ಗೂಸ್‌ನೆಕ್ ಜೋಡಣೆಗಳಿಗೆಂದೇ ಇರುವ ಪ್ರಮಾಣ ಅದು. ಪಕ್ ಕುಳಿಗಳ ಮಿತಿಯನ್ನು ನಿಮ್ಮ ಪಿಕಪ್ಪಿನ ಕೈಪಿಡಿಯಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ, ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯೇ ನಿಮ್ಮ ಮಿತಿ.

ಎತ್ತರದ ಅಳತೆಯನ್ನು ನೀವು ಕಳಿಸಿಲ್ಲ. ಈಗಿನ ಪಿಕಪ್ಪುಗಳ ಪಕ್ಕದ ಗೋಡೆ ಎದೆಯೆತ್ತರಕ್ಕೆ ಬಂದುಬಿಟ್ಟಿದೆ. ಟ್ರೇಲರನ್ನು ಸಮತಟ್ಟಾಗಿ ನಿಲ್ಲಿಸಿ, ಅದರ ಮೂಗಿನ ಅಡಿಯಿಂದ ನೆಲಕ್ಕೆ ಅಳೆಯಿರಿ. ಭಾರ ಬಿದ್ದು ಕುಗ್ಗಿದ ಪಿಕಪ್ಪಿನ ಗೋಡೆಯ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ನಡುವೆ ಆರು ಇಂಚಾದರೂ ಇರಬೇಕು, ಇಲ್ಲವಾದರೆ ಮನೆಯ ಮುಂದಿನ ಇಳಿಜಾರಿನಲ್ಲೇ ಟ್ರೇಲರ್ ಗೋಡೆಯ ಮೇಲೆ ಕೂತುಬಿಡುತ್ತದೆ. ಜಾಗ ಸಾಲದೆಂದು ಹಿಚ್ಚನ್ನು ತೀರ ಎತ್ತರಿಸಿದರೆ ಟ್ರೇಲರ್ ಮೂಗೆತ್ತಿಕೊಂಡು ಓಡುತ್ತದೆ, ಹಿಂದಿನ ಅಚ್ಚು ಹೆಚ್ಚು ಹೊರುತ್ತದೆ, ಅದರ ಟೈರು ಬೇಗ ಸಾಯುತ್ತದೆ. ಆಗ ಟ್ರೇಲರಿನ ಅಚ್ಚುಗಳ ಕಡೆಯಿಂದ ಎತ್ತರ ಸರಿಪಡಿಸಬೇಕಾಗುತ್ತದೆ.

ಕೊನೆಯದಾಗಿ, ಸಿಕ್ಕಿಸುವ ಕ್ರಮ. ನಾನು ಕೆಲಸ ಕಲಿಯುತ್ತಿದ್ದ ಎರಡನೆಯ ವರ್ಷ, ಟ್ರೇಲರಿನ ತಲೆ ಒಂದಿಂಚು ಎತ್ತರವಿದ್ದುದನ್ನು ನೋಡದೆ ಪಿಕಪ್ಪನ್ನು ಹಿಂದಕ್ಕೆ ತಂದೆ. ಕಿಂಗ್‌ಪಿನ್ನಿನ ಅಡಿಯ ಅಗಲ ತುದಿ ದವಡೆಯ ಮೇಲೆಯೇ ಕೂತಿತು, ಹಿಡಿಕೆ ಅರ್ಧ ಮುಚ್ಚಿಕೊಂಡಿತು, ನಾನು ಸರಿಹೋಯಿತು ಎಂದುಕೊಂಡು ಟ್ರೇಲರಿನ ಆಸರೆ ಕಾಲುಗಳನ್ನು ಎತ್ತಿ ಹೊರಟೆ. ಹತ್ತಡಿ ಹೋಗುವಷ್ಟರಲ್ಲಿ ಟ್ರೇಲರ್ ಜಾರಿ ಬೆಡ್ಡಿನ ಎರಡೂ ಗೋಡೆಗಳನ್ನು ಕಾಗದದಂತೆ ಮಡಚಿತು. ಅಂದಿನಿಂದ ನಾನು ಬಿಡದ ಕ್ರಮವನ್ನೇ ನಿಮಗೂ ಹೇಳುತ್ತೇನೆ. ಪಿನ್ ಬಾಕ್ಸಿನ ಅಡಿತಟ್ಟೆ ಹಿಚ್ಚಿನ ತಟ್ಟೆಗಿಂತ ಅರ್ಧದಿಂದ ಒಂದಿಂಚು ಕೆಳಗಿರಲಿ. ಹಿಂದಕ್ಕೆ ಬಂದಾಗ ಅದು ತಟ್ಟೆಯ ಇಳಿಜಾರನ್ನು ಏರಿ ಕೂರಬೇಕು. ದವಡೆ ಮುಚ್ಚಿದ ಮೇಲೆ ಟಾರ್ಚ್ ಹಿಡಿದು ಬಗ್ಗಿ ನೋಡಿ: ಎರಡು ತಟ್ಟೆಗಳ ನಡುವೆ ಬೆಳಕು ತೂರಬಾರದು, ದವಡೆ ಪಿನ್ನಿನ ಸಣ್ಣ ಕೊರಳನ್ನೇ ಹಿಡಿದಿರಬೇಕು. ಹಿಡಿಕೆಗೆ ಸುರಕ್ಷಾ ಪಿನ್ ಹಾಕಿ, ವಿದ್ಯುತ್ ತಂತಿ ಸಿಕ್ಕಿಸಿ, ತುರ್ತು ಬ್ರೇಕಿನ ಹಗ್ಗವನ್ನು ಹಿಚ್ಚಿಗಾಗಲಿ ಅದರ ಹಿಡಿಕೆಗಾಗಲಿ ಕಟ್ಟದೆ ಪಿಕಪ್ಪಿಗೇ ಕಟ್ಟಿ, ಏಕೆಂದರೆ ಹಿಚ್ ಕಿತ್ತುಬಂದರೆ ಅದಕ್ಕೆ ಕಟ್ಟಿದ ಹಗ್ಗವೂ ಅದರೊಂದಿಗೇ ಹೋಗುತ್ತದೆ. ಆಮೇಲೆ ಟ್ರೇಲರಿನ ಕಾಲುಗಳನ್ನು ನೆಲದಿಂದ ಒಂದೇ ಇಂಚು ಎತ್ತಿ, ಚಕ್ರದ ಅಡ್ಡಗಳು ಇದ್ದಂತೆಯೇ ಟ್ರೇಲರಿನ ಬ್ರೇಕನ್ನು ಕೈಯಿಂದ ಹಿಡಿದು ಪಿಕಪ್ಪನ್ನು ಮುಂದಕ್ಕೆ ಒಮ್ಮೆ ಎಳೆದು ನೋಡಿ. ಬಿಟ್ಟುಬಂದರೆ ಕಾಲುಗಳು ಅದನ್ನು ಹಿಡಿದುಕೊಳ್ಳುತ್ತವೆ, ಬರದಿದ್ದರೆ ಕಾಲುಗಳನ್ನು ಪೂರ್ತಿ ಎತ್ತಿಕೊಂಡು ಅಡ್ಡಗಳನ್ನು ತೆಗೆಯಿರಿ.

ಮೊದಲ ಪ್ರಯಾಣವನ್ನು ಮನೆಯ ಹತ್ತಿರದ ಟ್ರಕ್ ಸ್ಟಾಪಿನ ತೂಕದ ಕಟ್ಟೆಯವರೆಗೆ ಮಾತ್ರ ಮಾಡಿ. ಅಪ್ಪ ಅಮ್ಮ, ಮಗಳು ಎಲ್ಲರೂ ಕೂತಿರಲಿ, ಡೀಸೆಲ್ ತುಂಬಿರಲಿ. ಮೂರು ಹಲಗೆಗಳ ಕಟ್ಟೆಯ ಮೇಲೆ ಪಿಕಪ್ಪಿನ ಮುಂದಿನ ಅಚ್ಚು, ಹಿಂದಿನ ಅಚ್ಚು ಮತ್ತು ಟ್ರೇಲರಿನ ಅಚ್ಚುಗಳು ಒಂದೊಂದರ ಮೇಲೆ ಬರುವಂತೆ ನಿಲ್ಲಿಸಿ ಚೀಟಿ ಪಡೆಯಿರಿ. ಬಳಿಕ ಟ್ರೇಲರನ್ನು ಪಕ್ಕಕ್ಕೆ ಬಿಟ್ಟು, ಅದೇ ಜನರೊಂದಿಗೆ ಪಿಕಪ್ಪನ್ನು ಮಾತ್ರ ತೂಗಿಸಿ. ಎರಡೂ ಚೀಟಿಗಳಲ್ಲಿನ ಪಿಕಪ್ಪಿನ ಅಚ್ಚುಗಳ ತೂಕದ ವ್ಯತ್ಯಾಸವೇ ನಿಮ್ಮ ನಿಜವಾದ ಪಿನ್ ಭಾರ. ಆ ಅಂಕಿಯನ್ನೂ ಮುಂಭಾಗದ ಅಗಲದ ಅಳತೆಗಳನ್ನೂ ಕಳಿಸಿಕೊಟ್ಟರೆ, ಹಿಚ್ಚಿನ ಎತ್ತರವನ್ನು ಯಾವ ಗುಣಿಗೆ ನಿಲ್ಲಿಸಬೇಕು ಎಂಬುದನ್ನು ಲೆಕ್ಕ ಹಾಕಿ ತಿಳಿಸುತ್ತೇನೆ.